ಫೋರ್ಟ್ ಲಾಡರ್‌ಡೇಲ್‌ನ ಒಂದು ಬೆಂಚು: ಸೂರಿಲ್ಲದವರ ಮೇಲಿನ ದಾಳಿ ದ್ವೇಷಾಪರಾಧವಾದ ಬಗೆ

2006ರ ಜನವರಿ 12ರ ನಡುರಾತ್ರಿ ಕಳೆದು ಸ್ವಲ್ಪ ಹೊತ್ತಾಗಿತ್ತು. ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್ ನಗರದ ನಡುಭಾಗದಲ್ಲಿ ಫ್ಲಾರಿಡಾ ಅಟ್ಲಾಂಟಿಕ್ ವಿಶ್ವವಿದ್ಯಾಲಯದ ಒಂದು ಆವರಣವಿದೆ. ಅಲ್ಲಿನ ಕಣ್ಗಾವಲು ಕ್ಯಾಮೆರಾ ಎಂದಿನಂತೆ ಚಿತ್ರ ಹಿಡಿಯುತ್ತಿತ್ತು. ಆ ಹೊತ್ತಿನಲ್ಲಿ ಅಲ್ಲಿದ್ದವರು 58 ವರ್ಷದ ಒಬ್ಬರು, ರಾತ್ರಿ ಕಳೆಯಲು ಬೇರೆ ಜಾಗವಿಲ್ಲದವರು. ಬೇಸ್‌ಬಾಲ್ ಬ್ಯಾಟ್ ಹಿಡಿದ ಹುಡುಗರು ಬಂದರು, ಹೊಡೆದರು. ಅವರು ತಲೆ ಕಾಪಾಡಿಕೊಳ್ಳಲು ಹೆಣಗುತ್ತಿದ್ದರೂ ಹುಡುಗರ ಕೈ ನಿಲ್ಲಲಿಲ್ಲ. ಆ ದೃಶ್ಯ ಮುಂದೆ ಅಮೆರಿಕದ ಟಿವಿ ವಾಹಿನಿಗಳಲ್ಲಿ ದಿನಗಟ್ಟಲೆ ಓಡಿತು.

ಕ್ಯಾಮೆರಾ ಕಂಡದ್ದು ಅಷ್ಟನ್ನೇ. ಅದೇ ರಾತ್ರಿ ನದಿದಂಡೆಯ ಕಲಾಕೇಂದ್ರದ ಬಳಿ, ಉದ್ಯಾನದ ಬೆಂಚಿನ ಮೇಲೆ ಮಲಗಿದ್ದ 45 ವರ್ಷದ ಇನ್ನೊಬ್ಬರ ಮೇಲೂ ದಾಳಿ ನಡೆಯಿತು. ಅವರು ಉಳಿಯಲಿಲ್ಲ. ಚರ್ಚ್ ಒಂದರ ಬಳಿ ಮಲಗಿದ್ದ 49 ವರ್ಷದ ಮೂರನೆಯವರು ಪೆಟ್ಟು ತಿಂದು ಬದುಕಿಕೊಂಡರು. ಬಂಧಿತರಾದ ಮೂವರಲ್ಲಿ ಒಬ್ಬನಿಗೆ 17 ವರ್ಷ, ಉಳಿದಿಬ್ಬರಿಗೆ 18.

ಇವರಿಗೂ ಏಟು ತಿಂದವರಿಗೂ ಹಳೆಯ ಜಗಳವಿರಲಿಲ್ಲ, ಪರಿಚಯವೂ ಇರಲಿಲ್ಲ. ಹಣ ದೋಚುವ ಉದ್ದೇಶವೂ ಕಾಣಲಿಲ್ಲ. ಒಂದೇ ರಾತ್ರಿ, ಮೂರು ಬೇರೆ ಬೇರೆ ಜಾಗ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಮೂವರು. ಆ ಮೂವರನ್ನೂ ಒಂದೇ ದಾರದಲ್ಲಿ ಪೋಣಿಸುವ ಸಂಗತಿ ಒಂದಿತ್ತು: ಅವರೆಲ್ಲ ಬಯಲಲ್ಲಿ ಮಲಗುವವರು. ಸೂರಿಲ್ಲದವರ ಮೇಲಿನ ಹಿಂಸೆಯನ್ನು ದ್ವೇಷಾಪರಾಧವೆಂದು ಪರಿಗಣಿಸಿ ಶಿಕ್ಷೆ ಹೆಚ್ಚಿಸಬೇಕೇ ಎಂಬ ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಕರಣ ಸಿಗುವುದು ಕಷ್ಟ. ಇದು ಸ್ಪಷ್ಟವಾಗಿದೆ ಎಂಬ ಕಾರಣಕ್ಕೇ ಇದನ್ನು ಎಚ್ಚರದಿಂದ ಬಿಡಿಸಿ ನೋಡಬೇಕು. ಅಂಥ ಕಾನೂನು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಎಂಬುದು ಹಾಗೆ ನೋಡಿದಾಗ ಮಾತ್ರ ಗೊತ್ತಾಗುತ್ತದೆ.

2006ರ ಕಾನೂನು ಏನು ಹೇಳುತ್ತಿತ್ತು

ಫ್ಲಾರಿಡಾದಲ್ಲಿ ದ್ವೇಷಾಪರಾಧ ಕಾನೂನು ಆಗಲೇ ಇತ್ತು. ರಾಜ್ಯ ಸಂಹಿತೆಯ 775.085ನೇ ಕಲಮು ಹೊಸ ಅಪರಾಧವೊಂದನ್ನು ಸೃಷ್ಟಿಸುವುದಿಲ್ಲ, ಇರುವ ಅಪರಾಧವನ್ನು ಒಂದು ಮೆಟ್ಟಿಲು ಮೇಲಕ್ಕೆ ಏರಿಸುತ್ತದೆ. ಕೃತ್ಯದಲ್ಲಿ ಪೂರ್ವಗ್ರಹ ಕಂಡುಬಂದರೆ ಎರಡನೇ ದರ್ಜೆಯ ಲಘು ಅಪರಾಧ ಮೊದಲ ದರ್ಜೆಯದಾಗುತ್ತದೆ, ಮೊದಲ ದರ್ಜೆಯ ಲಘು ಅಪರಾಧ ಮೂರನೇ ದರ್ಜೆಯ ಘೋರ ಅಪರಾಧವಾಗುತ್ತದೆ, ಹೀಗೆ ಮೇಲುಮೇಲಕ್ಕೆ. ಜನಾಂಗ, ಬಣ್ಣ, ವಂಶ, ಧರ್ಮ, ಲೈಂಗಿಕ ಒಲವು, ರಾಷ್ಟ್ರೀಯ ಮೂಲ, ಅಂಗವೈಕಲ್ಯ ಮತ್ತು ಇಳಿವಯಸ್ಸು ಆಗ ಪಟ್ಟಿಯಲ್ಲಿದ್ದವು. ಇಳಿವಯಸ್ಸು ಎಂದರೆ 65 ದಾಟಿದವರು. ಏಟು ತಿಂದ ಮೂವರ ವಯಸ್ಸು 58, 45, 49. ಯಾವ ಕಾರಣಕ್ಕೆ ಅವರನ್ನು ಆರಿಸಿಕೊಳ್ಳಲಾಯಿತೋ ಆ ಕಾರಣಕ್ಕೆ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ.

ಹಾಗೆಂದು ಆರೋಪಿಗಳು ಶಿಕ್ಷೆಯಿಂದ ಪಾರಾಗಲಿಲ್ಲ. 2008ರಲ್ಲಿ ಇಬ್ಬರನ್ನು ಜ್ಯೂರಿ ಎರಡನೇ ದರ್ಜೆಯ ಕೊಲೆ ಮತ್ತು ಕೊಲೆ ಯತ್ನದ ತಪ್ಪಿತಸ್ಥರೆಂದು ತೀರ್ಮಾನಿಸಿತು. ಒಬ್ಬನಿಗೆ ಜೀವಾವಧಿ, ಇನ್ನೊಬ್ಬನಿಗೆ 30 ವರ್ಷ. ತಪ್ಪೊಪ್ಪಿಕೊಂಡ ಮೂರನೆಯವನಿಗೆ 15 ವರ್ಷ. ದ್ವೇಷಾಪರಾಧದ ಕಲಮಿನ ನೆರವಿಲ್ಲದೆಯೇ ಇಷ್ಟು ಕಠಿಣ ಶಿಕ್ಷೆ ಬಂತು.

ಈ ಅಂಶವನ್ನು ಕಾನೂನಿನ ಬೆಂಬಲಿಗರು ಮರೆಮಾಚಬಾರದು. ಕೊಲೆಯಂಥ ಕೃತ್ಯಕ್ಕೆ ಸಾಮಾನ್ಯ ಕಾನೂನೇ ಜೀವಾವಧಿಯವರೆಗೆ ಹೋಗುತ್ತದೆ. ಅದರಾಚೆಗೆ ಏರಿಸಲು ಮೆಟ್ಟಿಲೇ ಉಳಿದಿರುವುದಿಲ್ಲ. ನಡುರಾತ್ರಿ ಬ್ಯಾಟ್ ಹಿಡಿದು ಹೊರಟ ಹದಿನೇಳರ ಹುಡುಗ ರಾಜ್ಯ ಸಂಹಿತೆಯ ಕಲಮನ್ನು ನೆನೆದು ಮನೆಗೆ ಮರಳುತ್ತಿದ್ದ ಎಂದು ನಂಬುವುದೂ ಕಷ್ಟ. ಹಾಗಾದರೆ ಕಾನೂನು ವಿಸ್ತರಣೆಯಿಂದ ಯಾವ ಪ್ರಯೋಜನ?

2010ರ ತಿದ್ದುಪಡಿ

ಉತ್ತರಕ್ಕೆ ಮುಂಚೆ, ನಡೆದದ್ದೇನು ಎಂಬುದನ್ನು ಚುಟುಕಾಗಿ ಹೇಳುತ್ತೇನೆ. ಫೋರ್ಟ್ ಲಾಡರ್‌ಡೇಲ್‌ನ ದೃಶ್ಯ ಜನರ ಮನಸ್ಸಿನಲ್ಲಿ ಉಳಿಯಿತು, ಆದರೆ ಶಾಸನಸಭೆ ನಿಧಾನವಾಗಿ ಅಲುಗಿತು. ಕೊನೆಗೆ 2010ರಲ್ಲಿ ಮಸೂದೆ ಅಂಗೀಕಾರವಾಗಿ, ಆಗಿನ ಗವರ್ನರ್ ಚಾರ್ಲಿ ಕ್ರಿಸ್ಟ್ ಸಹಿ ಹಾಕಿದರು. ಅದೇ ವರ್ಷದ ಅಕ್ಟೋಬರ್ 1ರಿಂದ ಪಟ್ಟಿಗೆ ‘ವಸತಿಹೀನ ಸ್ಥಿತಿ’ ಸೇರಿತು. ಫ್ಲಾರಿಡಾ ಈ ದಾರಿಯಲ್ಲಿ ಮೊದಲನೆಯದಲ್ಲ. ನ್ಯಾಯಾಧೀಶರು ಶಿಕ್ಷೆ ವಿಧಿಸುವಾಗ ಈ ಅಂಶವನ್ನು ಪರಿಗಣಿಸಬಹುದೆಂದು ಮೇಯ್ನ್ ರಾಜ್ಯ 2006ರಲ್ಲೇ ಹೇಳಿತ್ತು. 2009ರಲ್ಲಿ ಮೇರಿಲ್ಯಾಂಡ್ ತನ್ನ ದ್ವೇಷಾಪರಾಧ ಕಾನೂನಿಗೇ ಇದನ್ನು ಸೇರಿಸಿತು. ಅಲ್ಲಿ ಇದಕ್ಕಾಗಿ ಓಡಾಡಿದವರು ಸಂಪ್ರದಾಯವಾದಿ ರಿಪಬ್ಲಿಕನ್ ಸೆನೆಟರ್ ಅಲೆಕ್ಸ್ ಮೂನಿ. ಇದು ಒಂದೇ ಪಕ್ಷದ ಕೂಗು ಎಂದು ತಳ್ಳಿಹಾಕುವವರು ಆ ಹೆಸರನ್ನು ಗಮನಿಸಬೇಕು. ವಾಷಿಂಗ್ಟನ್ ಡಿ.ಸಿ. ಕೂಡ 2009ರಲ್ಲೇ ಈ ಹೆಜ್ಜೆ ಇಟ್ಟಿತು.

ಒಕ್ಕೂಟ ಮಟ್ಟದಲ್ಲಿ ಆದದ್ದು ಬೇರೆ. ಟೆಕ್ಸಸ್‌ನ ಸಂಸದೆ ಎಡ್ಡಿ ಬರ್ನಿಸ್ ಜಾನ್ಸನ್ ಮಸೂದೆಗಳನ್ನು ಮಂಡಿಸಿದರು, ಅವು ಕಾನೂನಾಗಲಿಲ್ಲ. 2009ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಒಬಾಮ ಸಹಿ ಹಾಕಿದ ವಿಸ್ತೃತ ದ್ವೇಷಾಪರಾಧ ಕಾನೂನಿನಲ್ಲೂ ಸೂರಿಲ್ಲದವರ ಪ್ರಸ್ತಾಪವಿಲ್ಲ. 1990ರ ದ್ವೇಷಾಪರಾಧ ಅಂಕಿಅಂಶ ಕಾಯ್ದೆಯಲ್ಲೂ ಇಲ್ಲ. ಅಂದರೆ ಎಫ್‌ಬಿಐ ಪ್ರತಿ ವರ್ಷ ಪ್ರಕಟಿಸುವ ದ್ವೇಷಾಪರಾಧಗಳ ಲೆಕ್ಕದಲ್ಲಿ ಇವರಿಗೆ ಒಂದು ಕಾಲಂ ಕೂಡ ಇಲ್ಲ.

ಆ ಲೆಕ್ಕವನ್ನು ಹಿಡಿದಿಟ್ಟದ್ದು ನ್ಯಾಷನಲ್ ಕೋಯಲಿಷನ್ ಫಾರ್ ದಿ ಹೋಮ್‌ಲೆಸ್ ಎಂಬ ಸಂಸ್ಥೆ. 1999ರಿಂದ 2009ರವರೆಗಿನ ಹನ್ನೊಂದು ವರ್ಷಗಳಲ್ಲಿ ಮನೆಯಿದ್ದವರು ಮನೆಯಿಲ್ಲದವರ ಮೇಲೆ ನಡೆಸಿದ 1,074 ದಾಳಿಗಳನ್ನು ಅದು ದಾಖಲಿಸಿತು. ಅವುಗಳಲ್ಲಿ 291 ಸಾವುಗಳು. ಪತ್ರಿಕಾ ವರದಿಗಳಿಂದಲೂ ಆಶ್ರಯತಾಣಗಳಿಂದಲೂ ಆಯ್ದು ಕೂಡಿಸಿದ ಸಂಖ್ಯೆ ಇದು, ಪೊಲೀಸ್ ದಾಖಲೆಗಳ ಮೊತ್ತವಲ್ಲ. ಪತ್ರಿಕೆಗೆ ಸುದ್ದಿಯಾಗದ ಒದೆ, ಉಗುಳು, ಬೆಂಕಿ ಹಚ್ಚಿದ ಹಾಸಿಗೆ ಇದರಲ್ಲಿ ಬರಲು ದಾರಿಯೇ ಇಲ್ಲ.

ಕೊಲೆಗಿಂತ ಕೆಳಗಿನ ಮೆಟ್ಟಿಲು

ಈಗ ಆ ಪ್ರಶ್ನೆಗೆ ಬರುತ್ತೇನೆ. ನನ್ನ ಮಟ್ಟಿಗೆ ಈ ಕಾನೂನಿನ ಜೀವ ಇರುವುದು ಏಣಿಯ ಕೆಳಗಿನ ಮೆಟ್ಟಿಲುಗಳಲ್ಲಿ.

ಮಲಗಿದವರನ್ನು ಒಬ್ಬ ಒದ್ದು ಎಬ್ಬಿಸಿದ ಎಂದುಕೊಳ್ಳೋಣ. ಮೂಳೆ ಮುರಿಯಲಿಲ್ಲ, ಆಯುಧವಿರಲಿಲ್ಲ. ಫ್ಲಾರಿಡಾದಲ್ಲಿ ಇದು ಸಾಮಾನ್ಯ ಹಲ್ಲೆ, ಮೊದಲ ದರ್ಜೆಯ ಲಘು ಅಪರಾಧ, ಗರಿಷ್ಠ ಒಂದು ವರ್ಷ. ಬೀದಿಯಲ್ಲಿರುವವರು ದೂರು ಕೊಟ್ಟಾಗ ಇಂಥ ಲಘು ಪ್ರಕರಣಕ್ಕೆ ಯಾರೂ ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ದೂರುದಾರರಿಗೆ ಕಾಯಂ ವಿಳಾಸವಿಲ್ಲ, ಸಮನ್ಸ್ ತಲುಪಿಸಲು ಬಾಗಿಲಿಲ್ಲ. ವಿಚಾರಣೆಯ ದಿನದ ಹೊತ್ತಿಗೆ ಅವರು ಬೇರೆ ಊರಿನಲ್ಲಿರಬಹುದು. ಕಡತ ಮುಚ್ಚಿಹೋಗುತ್ತದೆ. ಪೂರ್ವಗ್ರಹದ ಕಲಮು ಅನ್ವಯವಾದರೆ ಅದೇ ಒದೆ ಮೂರನೇ ದರ್ಜೆಯ ಘೋರ ಅಪರಾಧ, ಗರಿಷ್ಠ ಐದು ವರ್ಷ. ಕಡತ ಬೇರೆ ಮೇಜಿಗೆ ಹೋಗುತ್ತದೆ. ಬೇರೆ ವಕೀಲರು ಅದನ್ನು ಓದುತ್ತಾರೆ. ‘ಯಾಕೆ ಹೊಡೆದ’ ಎಂಬ ಪ್ರಶ್ನೆಯನ್ನು ತನಿಖಾಧಿಕಾರಿ ಕೇಳಲೇಬೇಕಾಗುತ್ತದೆ, ಏಕೆಂದರೆ ಪ್ರಕರಣದ ದರ್ಜೆಯೇ ಆ ಉತ್ತರದ ಮೇಲೆ ನಿಂತಿದೆ.

ನಡುವಿನ ಮೆಟ್ಟಿಲಿನಲ್ಲೂ ವ್ಯತ್ಯಾಸ ದೊಡ್ಡದು. ಬ್ಯಾಟ್‌ನಂಥ ಆಯುಧದಿಂದ ನಡೆಸಿದ ತೀವ್ರ ಹಲ್ಲೆ ಎರಡನೇ ದರ್ಜೆಯ ಘೋರ ಅಪರಾಧ, ಗರಿಷ್ಠ 15 ವರ್ಷ. ಪೂರ್ವಗ್ರಹ ಸಾಬೀತಾದರೆ ಮೊದಲ ದರ್ಜೆ, ಗರಿಷ್ಠ 30 ವರ್ಷ. ವಿಶ್ವವಿದ್ಯಾಲಯದ ಆವರಣದಲ್ಲಿ ಏಟು ತಿಂದವರ ಪ್ರಕರಣವನ್ನು ಕೊಲೆಯಿಂದ ಬೇರ್ಪಡಿಸಿ ನೋಡಿದರೆ ಈ ಅಂತರ ಕಣ್ಣಿಗೆ ಕಟ್ಟುತ್ತದೆ. ಆ ರಾತ್ರಿ ಎರಡನೆಯವರು ಸಾಯದೇ ಇದ್ದಿದ್ದರೆ, ಮೊದಲನೆಯವರ ಮೇಲಿನ ದಾಳಿ ಕ್ಯಾಮೆರಾಕ್ಕೆ ಸಿಗದೇ ಇದ್ದಿದ್ದರೆ, ಅದು ಬೀದಿ ಜಗಳದ ಒಂದು ಸಾಲಿನ ವರದಿಯಾಗಿ ಮುಗಿಯುವ ಸಾಧ್ಯತೆಯೇ ಹೆಚ್ಚಿತ್ತು ಎಂದು ನನಗೆ ಅನ್ನಿಸುತ್ತದೆ.

ಹೆಚ್ಚು ಜನ ಗಮನಿಸದ ಇನ್ನೊಂದು ಅಂಶವೂ ಈ ಕಲಮಿನಲ್ಲಿದೆ. ದಾಳಿಗೆ ಒಳಗಾದವರು ಸಿವಿಲ್ ದಾವೆ ಹೂಡಿ ನಷ್ಟದ ಮೂರರಷ್ಟು ಪರಿಹಾರ ಕೇಳಬಹುದು. ದಾಳಿಕೋರನ ಬಳಿ ಹಣವಿರುವುದು ಅಪರೂಪ, ಆದ್ದರಿಂದ ಇದು ಎಲ್ಲರಿಗೂ ದಕ್ಕುವ ಪರಿಹಾರವಲ್ಲ. ಆದರೆ ಆಸ್ಪತ್ರೆಯ ಬಿಲ್ಲು ಹೊತ್ತು ಮತ್ತೆ ಅದೇ ಬೀದಿಗೆ ಮರಳುವವರಿಗೆ ಅಂಥದೊಂದು ಹಕ್ಕಿದೆ ಎಂದು ಯಾರಾದರೂ ತಿಳಿಸಿ ಹೇಳಬೇಕು.

ದ್ವೇಷವೋ, ಸುಲಭದ ಬೇಟೆಯೋ

ನ್ಯಾಯಾಲಯದಲ್ಲಿ ನಿಜವಾದ ಕಗ್ಗಂಟು ಇದು. ಬೀದಿಯಲ್ಲಿ ಮಲಗಿದವರ ಜೇಬಿಗೆ ಕೈ ಹಾಕಿ, ಅವರು ಎಚ್ಚರಗೊಂಡಾಗ ಹೊಡೆದು ಓಡುವ ಕಳ್ಳನಿಗೆ ಅವರ ಮೇಲೆ ದ್ವೇಷವಿದೆಯೇ? ಅಥವಾ ಬಾಗಿಲು, ಬೀಗ, ನೆರೆಹೊರೆ ಯಾವುದೂ ಇಲ್ಲದವರು ಸುಲಭಕ್ಕೆ ಸಿಗುತ್ತಾರೆ ಎಂಬ ಲೆಕ್ಕಾಚಾರ ಮಾತ್ರವೇ?

1994ರಲ್ಲಿ ಫ್ಲಾರಿಡಾ ಸುಪ್ರೀಂ ಕೋರ್ಟ್ ಈ ಕಲಮಿನ ಸಿಂಧುತ್ವವನ್ನು ಎತ್ತಿಹಿಡಿಯಿತು, ಜೊತೆಗೆ ಅದರ ವ್ಯಾಪ್ತಿಯನ್ನೂ ಕಿರಿದು ಮಾಡಿತು. ಬೇರೇನೋ ಕಾರಣಕ್ಕೆ ಹೊತ್ತಿದ ಜಗಳದ ನಡುವೆ ಬಾಯಿಂದ ಹೊರಟ ಹೀನ ಮಾತು ಸಾಲದು, ಆ ಗುರುತಿನ ಕಾರಣದಿಂದಲೇ ಆ ವ್ಯಕ್ತಿಯನ್ನು ಆರಿಸಿಕೊಂಡಿರಬೇಕು ಎಂಬುದು ಅದರ ತಿರುಳು. ಅದರ ಹಿಂದಿನ ವರ್ಷ, 1993ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಇಂಥದೇ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಒಪ್ಪಿತ್ತು. ಶಿಕ್ಷೆ ವಿಚಾರಕ್ಕಲ್ಲ, ಕೃತ್ಯಕ್ಕೆ. ಮನಸ್ಸಿನೊಳಗಿನ ತಿರಸ್ಕಾರಕ್ಕೆ ಕಾನೂನು ಕೈ ಹಾಕುವುದಿಲ್ಲ. ಗರಿಷ್ಠ ಶಿಕ್ಷೆಯನ್ನು ಏರಿಸುವ ಅಂಶವನ್ನು ಜ್ಯೂರಿಯ ಮುಂದೆ ಸಂದೇಹಕ್ಕೆಡೆಯಿಲ್ಲದಂತೆ ಸಾಬೀತುಪಡಿಸಬೇಕು ಎಂಬುದು 2000ನೇ ಇಸವಿಯಿಂದ ಸುಪ್ರೀಂ ಕೋರ್ಟಿನ ಕಟ್ಟಳೆ. ಫ್ಲಾರಿಡಾದ ಕಲಮು ಇನ್ನೊಂದನ್ನೂ ಕೇಳುತ್ತದೆ: ಏಟು ತಿಂದವರು ವಸತಿಹೀನರೆಂದು ಆರೋಪಿಗೆ ತಿಳಿದಿರಬೇಕು, ಅಥವಾ ಹಾಗೆಂದು ತಿಳಿಯಲು ಸಕಾರಣವಿರಬೇಕು.

ಈ ಅಳತೆಗೋಲನ್ನು 2006ರ ರಾತ್ರಿಗೆ ಹಿಡಿದು ನೋಡೋಣ. ದೋಚುವ ಉದ್ದೇಶವಿಲ್ಲ, ಮುಂಚಿನ ಜಗಳವಿಲ್ಲ, ಒಬ್ಬರಾದ ಮೇಲೆ ಒಬ್ಬರಂತೆ ಮೂವರ ಆಯ್ಕೆ. ಒಬ್ಬರ ಮೇಲಿನ ದಾಳಿಯನ್ನು ಆಕಸ್ಮಿಕವೆನ್ನಬಹುದು, ಮೂರನೆಯದನ್ನು ಹಾಗೆನ್ನಲಾಗದು. ಆರೋಪಿಗಳ ಬಾಯಿಂದ ಒಂದೇ ಒಂದು ಬೈಗುಳ ಹೊರಡದಿದ್ದರೂ ಆಯ್ಕೆಯ ಮಾದರಿಯೇ ಸಾಕ್ಷಿ ಹೇಳುತ್ತದೆ. ತನಿಖಾಧಿಕಾರಿಗಳು ಸಾಮಾನ್ಯವಾಗಿ ಮಾತನ್ನು ಹುಡುಕುತ್ತಾರೆ: ಏನೆಂದು ಕೂಗಿದ, ಗೋಡೆಯ ಮೇಲೆ ಏನು ಬರೆದ. ಜನಾಂಗದ್ವೇಷದ ಪ್ರಕರಣಗಳಲ್ಲಿ ಆ ಹುಡುಕಾಟ ಫಲ ಕೊಡುತ್ತದೆ. ಸೂರಿಲ್ಲದವರ ಮೇಲೆ ಬೀಳುವ ಹುಡುಗರ ಬಳಿ ಸಿದ್ಧಾಂತವಿರುವುದಿಲ್ಲ, ಧ್ವಜವಿರುವುದಿಲ್ಲ. ‘ಸುಮ್ಮನೆ’, ‘ಮಜಕ್ಕೆ’ ಎನ್ನುತ್ತಾರೆ. ಆದರೆ ಆ ‘ಸುಮ್ಮನೆ’ ಎದುರುಮನೆಯ ಅಜ್ಜನ ಮೇಲೆ ಹೋಗುವುದಿಲ್ಲ, ಬಸ್ ನಿಲ್ದಾಣದಲ್ಲಿ ನಿಂತ ಗುಮಾಸ್ತರ ಮೇಲೂ ಹೋಗುವುದಿಲ್ಲ. ಯಾರಿಗೆ ಹೊಡೆದರೆ ಯಾರೂ ಕೇಳುವುದಿಲ್ಲ ಎಂದು ಅವರಿಗೆ ಗೊತ್ತಿದೆ. ಇವರ ಜೀವಕ್ಕೆ ಬೆಲೆ ಕಡಿಮೆ ಎಂಬ ಎಣಿಕೆ ಆ ಆಯ್ಕೆಯೊಳಗೇ ಕೂತಿದೆ. ನನ್ನ ದೃಷ್ಟಿಯಲ್ಲಿ ಅದೇ ಪೂರ್ವಗ್ರಹ. ಸೂರಿಲ್ಲದವರಿಗೆ ಚಿಲ್ಲರೆ ಕೊಟ್ಟು ಹೊಡೆದಾಡಿಸಿ, ಅದನ್ನು ಚಿತ್ರೀಕರಿಸಿ ಮಾರಿದ ವಿಡಿಯೊಗಳು 2000ದ ದಶಕದ ಆರಂಭದಲ್ಲಿ ಅಮೆರಿಕದ ಹದಿಹರೆಯದವರ ನಡುವೆ ಹರಿದಾಡಿದವು. ಆ ಎಣಿಕೆ ಎಲ್ಲಿ ಬೆಳೆಯುತ್ತದೆ ಎಂಬುದಕ್ಕೆ ದೂರ ಹುಡುಕಬೇಕಿಲ್ಲ.

ಕಳ್ಳನ ಪ್ರಕರಣ ಇದಕ್ಕಿಂತ ಕಷ್ಟದ್ದು. ದುರ್ಬಲರೆಂಬ ಒಂದೇ ಕಾರಣಕ್ಕೆ ಆರಿಸಿಕೊಂಡದ್ದನ್ನು ದ್ವೇಷಾಪರಾಧವೆಂದು ಎಳೆದರೆ ಕಲಮು ಹರಿದುಹೋಗುತ್ತದೆ ಎಂದೇ ನನಗೂ ಅನ್ನಿಸುತ್ತದೆ. ಅಲ್ಲಿ ದರೋಡೆಯ ಕಾನೂನು ಸಾಕು.

ಆಕ್ಷೇಪಗಳ ಬಗ್ಗೆ

ಮನೆಯಿಲ್ಲದಿರುವುದು ಹುಟ್ಟುಗುಣವಲ್ಲ, ಇಂದು ಇದ್ದು ನಾಳೆ ಹೋಗಬಹುದಾದ ಸ್ಥಿತಿ, ಹಾಗಾಗಿ ಅದನ್ನು ಜನಾಂಗದ ಪಕ್ಕದಲ್ಲಿ ಕೂರಿಸಬಾರದು ಎನ್ನುತ್ತಾರೆ. ಧರ್ಮವನ್ನೂ ಬದಲಿಸಬಹುದು, ಆದರೂ ಅದು ಮೊದಲಿನಿಂದ ಪಟ್ಟಿಯಲ್ಲಿದೆ. ವಯಸ್ಸು ಎಲ್ಲರಿಗೂ ಬರುತ್ತದೆ, ಅದೂ ಇದೆ. ಈ ವಾದದಲ್ಲಿ ನನಗೆ ಹೆಚ್ಚು ಹುರುಳು ಕಾಣುವುದಿಲ್ಲ.

ಎರಡನೇ ಆಕ್ಷೇಪ ಭಾರದ್ದು. ಹದಿನೇಳರ ಹುಡುಗನನ್ನು ಇನ್ನಷ್ಟು ವರ್ಷ ಒಳಗಿಟ್ಟರೆ ಬೀದಿಯಲ್ಲಿ ಮಲಗುವವರಿಗೆ ಒಂದು ರಾತ್ರಿಯ ಸೂರೂ ಸಿಗುವುದಿಲ್ಲ. ಅಮೆರಿಕದ ಜೈಲುಗಳಿಂದ ಹೊರಬಿದ್ದವರಲ್ಲಿ ಎಷ್ಟೋ ಮಂದಿ ನೇರ ಬೀದಿಗೇ ಬರುತ್ತಾರೆ. ಈ ಮಾತನ್ನು ತಳ್ಳಿಹಾಕಲಾಗದು. ಕಲಮು ಗರಿಷ್ಠ ಮಿತಿಯನ್ನು ಏರಿಸುತ್ತದೆಯೇ ಹೊರತು ಅಷ್ಟೂ ವರ್ಷ ಕೊಡಲೇಬೇಕೆಂದು ನ್ಯಾಯಾಧೀಶರ ಕೈ ಕಟ್ಟುವುದಿಲ್ಲ ಎಂಬುದಷ್ಟೇ ನನ್ನ ಬಳಿ ಇರುವ ಉತ್ತರ. ಅದು ಪೂರ್ಣ ಉತ್ತರವಲ್ಲ.

ಅದೇ ನಗರ, ಇನ್ನೊಂದು ಮುಖ

ಪ್ರಕರಣವನ್ನು 2010ಕ್ಕೆ ನಿಲ್ಲಿಸಿದರೆ ಅರ್ಧ ಕಥೆ ಹೇಳಿದಂತೆ. 2014ರಲ್ಲಿ ಇದೇ ಫೋರ್ಟ್ ಲಾಡರ್‌ಡೇಲ್ ನಗರಾಡಳಿತ ಸೂರಿಲ್ಲದವರ ಬದುಕಿಗೆ ತಾಗುವ ನಿಯಮಗಳನ್ನು ಒಂದರ ಹಿಂದೆ ಒಂದು ತಂದಿತು: ಸಾರ್ವಜನಿಕ ಜಾಗದಲ್ಲಿ ಸಾಮಾನು ಇಡುವುದರ ಬಗ್ಗೆ, ಸಿಗ್ನಲ್ ಬಳಿ ಬೇಡುವುದರ ಬಗ್ಗೆ, ಬಯಲಲ್ಲಿ ಊಟ ಹಂಚುವುದರ ಬಗ್ಗೆ. ಆ ನವೆಂಬರ್‌ನಲ್ಲಿ ಊಟ ಬಡಿಸುತ್ತಿದ್ದ 90 ವರ್ಷದ ವೃದ್ಧರೊಬ್ಬರ ಮೇಲೆ ಪೊಲೀಸರು ಪ್ರಕರಣ ದಾಖಲಿಸಿದ ಸುದ್ದಿ ಜಗತ್ತಿನೆಲ್ಲೆಡೆ ಹರಡಿತು. 2018ರಲ್ಲಿ ಹನ್ನೊಂದನೇ ಸರ್ಕ್ಯೂಟ್‌ನ ಮೇಲ್ಮನವಿ ನ್ಯಾಯಾಲಯ, ಒಂದು ಸ್ವಯಂಸೇವಾ ಗುಂಪು ಉದ್ಯಾನದಲ್ಲಿ ಊಟ ಹಂಚಿದ್ದು ಸಂವಿಧಾನದ ಮೊದಲ ತಿದ್ದುಪಡಿ ರಕ್ಷಿಸುವ ಅಭಿವ್ಯಕ್ತಿಯೇ ಹೌದು ಎಂದು ತೀರ್ಪಿತ್ತಿತು.

2024ರ ಜೂನ್ 28ರಂದು ಒರೆಗಾನ್ ರಾಜ್ಯದ ಗ್ರ್ಯಾಂಟ್ಸ್ ಪಾಸ್ ನಗರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಯಲಲ್ಲಿ ಬಿಡಾರ ಹೂಡುವುದಕ್ಕೆ ದಂಡ ವಿಧಿಸುವುದು ಕ್ರೂರ ಶಿಕ್ಷೆಯಲ್ಲ ಎಂದು 6–3ರ ಬಹುಮತದಿಂದ ಹೇಳಿತು. ಫ್ಲಾರಿಡಾ ಅದಕ್ಕೂ ಮೊದಲೇ ಸಿದ್ಧವಾಗಿತ್ತು. ಸಾರ್ವಜನಿಕ ಜಾಗದಲ್ಲಿ ಜನ ನಿತ್ಯ ಮಲಗಲು ನಗರಗಳಾಗಲಿ ಕೌಂಟಿಗಳಾಗಲಿ ಬಿಡಕೂಡದು ಎಂಬ ಕಾನೂನಿಗೆ ಗವರ್ನರ್ ರಾನ್ ಡಿಸ್ಯಾಂಟಿಸ್ 2024ರ ಮಾರ್ಚ್‌ನಲ್ಲಿ ಸಹಿ ಹಾಕಿದ್ದರು. ಅದು ಜಾರಿಗೆ ಬಂದದ್ದೂ ಅಕ್ಟೋಬರ್ 1ರಂದೇ, ವಸತಿಹೀನರಿಗೆ ರಕ್ಷಣೆ ಕೊಟ್ಟ ತಿದ್ದುಪಡಿ ಜಾರಿಯಾದ ಅದೇ ತಾರೀಖಿನಂದು, ಹದಿನಾಲ್ಕು ವರ್ಷಗಳ ನಂತರ.

ಈ ಎರಡು ಕಾನೂನುಗಳನ್ನು ಅಕ್ಕಪಕ್ಕ ಇಟ್ಟು ಓದುವಾಗ ನನಗೆ ಸಿಟ್ಟು ಬರುತ್ತದೆ. 775.085ನೇ ಕಲಮು ವಸತಿಹೀನರೆಂದರೆ ಯಾರೆಂದು ಹೇಳುವಾಗ, ರಾತ್ರಿ ಕಳೆಯಲು ಸ್ಥಿರವಾದ, ನಿಯಮಿತವಾದ, ಸಾಕಷ್ಟಾದ ನೆಲೆ ಇಲ್ಲದವರು ಎನ್ನುತ್ತದೆ. ಮನುಷ್ಯರು ಮಲಗಲೆಂದು ಕಟ್ಟಿರದ ಜಾಗದಲ್ಲಿ ಮಲಗುವವರನ್ನೂ ಹೆಸರಿಸಿ ಸೇರಿಸುತ್ತದೆ. ಆ ಜಾಗದಲ್ಲಿ ಮಲಗುವುದನ್ನೇ ಇನ್ನೊಂದು ಕಾನೂನು ನಿಲ್ಲಿಸಹೊರಟಿದೆ. ನಡುರಾತ್ರಿ ಒದೆ ತಿಂದವರು ಪೊಲೀಸರಿಗೆ ಫೋನ್ ಮಾಡಬೇಕೆಂದರೆ ಮೊದಲು ತಾವು ಎಲ್ಲಿ ಮಲಗಿದ್ದೆವು ಎಂದು ಹೇಳಬೇಕು. ಹಾಗೆ ಹೇಳಿದ ಮೇಲೆ ಆ ಜಾಗ ಮರುರಾತ್ರಿ ಉಳಿಯುತ್ತದೆಂಬ ಭರವಸೆಯಿಲ್ಲ. ಹಳೆಯ ದಂಡ ಕಟ್ಟದೆ ಹೆಸರಿನ ಮೇಲೆ ವಾರಂಟ್ ಇದ್ದರಂತೂ ದೂರು ಕೊಡಲು ಹೋದವರೇ ಒಳಗಾಗಬಹುದು. ಮೆಟ್ಟಿಲುಗಳನ್ನು ಎಷ್ಟೇ ಚೆನ್ನಾಗಿ ಕಟ್ಟಿದರೂ ಕೆಳಗಿನ ಮೆಟ್ಟಿಲಿಗೆ ಕಾಲಿಡಬೇಕಾದವರು ಈ ದೂರುದಾರರೇ.

ಹಾಗಾಗಿ ಈ ರಕ್ಷಣೆಯನ್ನು ತಮ್ಮ ಕಾನೂನಿಗೆ ಸೇರಿಸಲು ಹೊರಟ ರಾಜ್ಯಗಳು ಫ್ಲಾರಿಡಾದಿಂದ ಕಲಮಿನ ಮಾತುಗಳನ್ನು ಮಾತ್ರ ಎರವಲು ಪಡೆದರೆ ಸಾಲದು. ಹಲ್ಲೆಯ ದೂರು ಕೊಟ್ಟವರ ಮೇಲೆ, ಆ ರಾತ್ರಿ ಅವರು ಮಲಗಿದ್ದ ಜಾಗದ ಕಾರಣಕ್ಕೆ ಕ್ರಮ ಜರುಗಿಸಕೂಡದು ಎಂಬ ಒಂದು ಸಾಲು ಕಾನೂನಿನಲ್ಲೇ ಇರಬೇಕು. ಸಮನ್ಸ್ ತಲುಪಿಸಲು ಆಶ್ರಯತಾಣದ ಅಥವಾ ಊಟ ಹಂಚುವ ಸಂಸ್ಥೆಯ ವಿಳಾಸವನ್ನು ಒಪ್ಪಿಕೊಳ್ಳಬೇಕು. ಸಾಕ್ಷಿದಾರರು ಊರು ಬಿಟ್ಟು ಹೋಗುವ ಮುನ್ನವೇ ವಕೀಲರ ಸಮ್ಮುಖದಲ್ಲಿ ಅವರ ಹೇಳಿಕೆಯನ್ನು ದಾಖಲಿಸಿಕೊಳ್ಳಬೇಕು. ಒಕ್ಕೂಟದ ಲೆಕ್ಕದಲ್ಲಿ ಅವರಿಗಾಗಿ ಒಂದು ಕಾಲಂ ತೆರೆಯಬೇಕು. ಇವುಗಳಲ್ಲಿ ಯಾವುದಕ್ಕೂ ಯಾರನ್ನೂ ಒಂದು ದಿನ ಹೆಚ್ಚು ಜೈಲಿನಲ್ಲಿ ಇಡಬೇಕಾಗಿಲ್ಲ.

ನದಿದಂಡೆಯ ಉದ್ಯಾನದ ಅಂಥ ಬೆಂಚಿನ ಮೇಲೆ ಇಂದು ಸೂರಿಲ್ಲದ ಯಾರಾದರೂ ಮಲಗಿದ್ದರೆ, ಆ ಕಾರಣಕ್ಕೆ ಅವರನ್ನು ಆರಿಸಿ ಹೊಡೆದವನ ಅಪರಾಧ ಒಂದು ದರ್ಜೆ ಮೇಲೇರುತ್ತದೆ. ಅವರನ್ನು ನಿತ್ಯ ಅಲ್ಲೇ ಮಲಗಲು ಬಿಟ್ಟ ನಗರದ ಮೇಲೆ, 2025ರ ಜನವರಿ 1ರಿಂದ, ಅಲ್ಲಿನ ನಿವಾಸಿಗಳೂ ವ್ಯಾಪಾರಿಗಳೂ ದಾವೆ ಹೂಡಬಹುದು.